ಗರ್ಭಿಣಿಯರು ಹವ್ಯಾಸಕ್ಕೆ ಬಂದೂಕು ಶೂಟಿಂಗ್ ಮಾಡಬಹುದೇ?

ಶೂಟಿಂಗ್ ಹವ್ಯಾಸ ಇರುವವರು ಗರ್ಭಿಣಿಯಾದ ಮೇಲೂ ರೇಂಜ್‌ಗೆ (ಗುಂಡು ಹಾರಿಸುವ ಜಾಗಕ್ಕೆ) ಹೋಗಬಹುದೇ ಅನ್ನುವುದು ಪ್ರಶ್ನೆ. ನನ್ನ ಉತ್ತರ: ಬೇಡ. ಎದೆಹಾಲು ಬಿಡಿಸುವವರೆಗೆ ನಿಲ್ಲಿಸಿ.

ದೊಡ್ಡ ಚಿಂತೆ ಸೀಸದ್ದು. ಹೆಚ್ಚಿನ ಗುಂಡುಗಳಲ್ಲಿ ಸೀಸ ಇರುತ್ತದೆ, ಮದ್ದು ಹೊತ್ತಿಸುವ ಪ್ರೈಮರ್‌ನಲ್ಲೂ ಸಾಮಾನ್ಯವಾಗಿ ಇರುತ್ತದೆ. ಪ್ರತಿ ಸಲ ಗುಂಡು ಹಾರಿದಾಗಲೂ ಅದರ ಹೊಗೆ, ಪುಡಿ ಉಸಿರಿಗೆ ಸೇರುತ್ತದೆ. ಕೈ, ಬಟ್ಟೆ, ಕೂದಲಿಗೂ ಮೆತ್ತಿಕೊಳ್ಳುತ್ತದೆ. ಗಾಳಿಯಾಡದ ಒಳಾಂಗಣ ರೇಂಜ್‌ನಲ್ಲಿ ಇನ್ನೂ ಜಾಸ್ತಿ. ತಾಯಿಯ ರಕ್ತಕ್ಕೆ ಸೇರಿದ ಸೀಸವನ್ನು ಮಾಸು ತಡೆಯುವುದಿಲ್ಲ, ಅದು ಮಗುವಿಗೂ ಹೋಗುತ್ತದೆ. ಗರ್ಭಪಾತ, ಅವಧಿಗೆ ಮುಂಚಿನ ಹೆರಿಗೆ, ಮಗುವಿನ ಮಿದುಳಿಗೆ ತೊಂದರೆ ಆಗಬಹುದು. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ. ಹಿಂದೆ ಮೂಳೆಯಲ್ಲಿ ಕೂತ ಸೀಸವೂ ಬಸುರಿನಲ್ಲಿ ರಕ್ತಕ್ಕೆ ಇಳಿಯುತ್ತದೆ. ಹಾಗಾಗಿ ವರ್ಷಗಟ್ಟಲೆ ಶೂಟಿಂಗ್ ಮಾಡಿದವರು ವೈದ್ಯರಿಗೆ ಹೇಳಿ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿಕೊಳ್ಳಿ.

ಇನ್ನು ಸದ್ದು. ಬಂದೂಕಿನ ಸದ್ದು ಸಾಮಾನ್ಯವಾಗಿ 140 ಡೆಸಿಬೆಲ್ ದಾಟುತ್ತದೆ. ಇಯರ್‌ಮಫ್ ಕಾಯುವುದು ನಿಮ್ಮ ಕಿವಿಯನ್ನು, ಹೊಟ್ಟೆಯೊಳಗಿನ ಕಿವಿಯನ್ನಲ್ಲ ಅಲ್ವಾ? ಕಿವಿರಕ್ಷಣೆ ಇದ್ದರೂ 115 ಡೆಸಿಬೆಲ್‌ಗಿಂತ ಜೋರಾದ ಸದ್ದಿನಿಂದ ಗರ್ಭಿಣಿಯರು ದೂರ ಇರಬೇಕು ಎಂದು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಲೇಷ್ಯಾದ ನೂರ್ ಸುರ್ಯಾನಿ ಎಂಟು ತಿಂಗಳ ಗರ್ಭಿಣಿಯಾಗಿ ಸ್ಪರ್ಧಿಸಿದ್ದು ನಿಜ. ಆದರೆ ಅದು ಏರ್ ರೈಫಲ್. ಅದರಲ್ಲಿ ಮದ್ದು ಇಲ್ಲ, ಸದ್ದೂ ತೀರಾ ಕಡಿಮೆ. ಅದರ ಪುಟ್ಟ ಗುಂಡು, ಅಂದರೆ ಪೆಲೆಟ್ ಮಾತ್ರ ಸಾಮಾನ್ಯವಾಗಿ ಸೀಸದ್ದೇ.

ಗಂಡ ರೇಂಜ್‌ಗೆ ಹೋಗುತ್ತಿದ್ದರೆ, ಮೈಗೆ ಮೆತ್ತಿದ ಸೀಸ ಮನೆಯೊಳಗೆ ಬರದಂತೆ ಅವರು ಶೂ ಹೊರಗೇ ಬಿಡಲಿ, ಸ್ನಾನ ಮಾಡಲಿ, ಆ ಬಟ್ಟೆ ಬೇರೆಯಾಗಿ ಒಗೆಯಲಿ.