ಓದುಗರ ಪ್ರಶ್ನೆ: ಒಬಾಮಾಕೇರ್ ಇದೆಯೋ, ಹೋಯಿತೋ?

ಪ್ರಶ್ನೆ: ಒಬಾಮಾಕೇರ್ ಕಿತ್ತುಹಾಕಿ ಹೊಸ ಕಾನೂನು ತರುತ್ತೇವೆ ಎಂದು ಅಮೆರಿಕದ ರಿಪಬ್ಲಿಕನ್ನರು ವರ್ಷಗಟ್ಟಲೆ ಹೇಳಿದರು. 2017ರಲ್ಲಿ ಅಧ್ಯಕ್ಷರೂ ಅವರವರೇ, ಎರಡೂ ಸದನಗಳಲ್ಲಿ ಬಹುಮತವೂ ಇತ್ತು. ಆದರೂ ಯಾಕೆ ಆಗಲಿಲ್ಲ? (ಧಾರವಾಡ)

ಒಬಾಮಾಕೇರ್ ಎಂದರೆ ಅಧ್ಯಕ್ಷ ಒಬಾಮಾ 2010ರಲ್ಲಿ ತಂದ ಆರೋಗ್ಯ ವಿಮೆಯ ಕಾನೂನು. ಅದನ್ನು ತೆಗೆಯಲು ಬಹುಮತ ಇತ್ತು, ಸಾಕಾಗುವಷ್ಟು ಇರಲಿಲ್ಲ. ನೂರು ಸದಸ್ಯರ ಸೆನೆಟ್‌ನಲ್ಲಿ ಮಾಮೂಲಿ ಮಸೂದೆಯೊಂದರ ಚರ್ಚೆ ಮುಗಿಸಿ ಮತಕ್ಕೆ ಹಾಕಬೇಕಾದರೆ 60 ಮಂದಿಯ ಒಪ್ಪಿಗೆ ಬೇಕು. ರಿಪಬ್ಲಿಕನ್ನರಿದ್ದದ್ದು 52. ಹಾಗಾಗಿ ‘ರೀಕನ್ಸಿಲಿಯೇಷನ್’ ಎಂಬ ಬಜೆಟ್ ಒಳದಾರಿ ಹಿಡಿದರು. ಅಲ್ಲಿ ಸರಳ ಬಹುಮತ ಸಾಕು, ಆದರೆ ಮಸೂದೆಯ ಪ್ರತಿ ಕಲಮೂ ಸರ್ಕಾರದ ವರಮಾನ ಇಲ್ಲವೇ ಖರ್ಚಿಗೆ ಸಂಬಂಧಪಟ್ಟಿರಬೇಕು. ವಿಮೆ ಮಾಡಿಸದವರಿಗೆ ಹಾಕುವ ದಂಡ, ಪ್ರೀಮಿಯಂ ಸಬ್ಸಿಡಿ, ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್‌ನ ಹಣ, ಇವನ್ನೆಲ್ಲ ಮುಟ್ಟಬಹುದು. ‘ಕಾಯಿಲೆ ಇದ್ದವರಿಗೂ ವಿಮೆ ಕೊಡಲೇಬೇಕು’ ಎಂಬುದು ಕಂಪನಿಗಳ ಮೇಲಿನ ಕಟ್ಟಳೆ. ಆ ದಾರಿಯಲ್ಲಿ ಅದನ್ನು ಅಲುಗಿಸುವುದು ಕಷ್ಟ. ಕೆಡವಲು ಅರ್ಧ ದಾರಿ ಇತ್ತು, ಹೊಸದು ಕಟ್ಟಲು ಅಷ್ಟೂ ಇರಲಿಲ್ಲ.

ಕೆಳಮನೆಯಲ್ಲಿ ಮಾರ್ಚ್ 24ರಂದು ಮತ ಸಾಲದೆ ಮಸೂದೆಯನ್ನು ಹಿಂದಕ್ಕೆ ಪಡೆದರು, ತಿದ್ದಿ ಮೇ 4ರಂದು 217–213ರಲ್ಲಿ ಪಾಸು ಮಾಡಿದರು. ಸೆನೆಟ್‌ನಲ್ಲಿ ಚರ್ಚೆ ಶುರುಮಾಡಲಿಕ್ಕೇ ಜುಲೈ 25ರಂದು ಮತ ಸಮಸಮವಾಗಿ, ಉಪಾಧ್ಯಕ್ಷ ಮೈಕ್ ಪೆನ್ಸ್ ಬಂದು ತಮ್ಮ ಮತ ಹಾಕಬೇಕಾಯಿತು. ಅದೇ ವಾರ ಮೂರು ಮಾದರಿಗಳು ಬಿದ್ದವು: ರದ್ದು ಮಾಡಿ ಬದಲಿ ತರುವುದು 43–57, ಈಗ ರದ್ದು, ಬದಲಿ ಆಮೇಲೆ ಎಂಬುದು 45–55, ದಂಡವನ್ನಷ್ಟೇ ಮುಖ್ಯವಾಗಿ ತೆಗೆಯುವ ‘ಸ್ಕಿನ್ನಿ’ ಮಸೂದೆ 49–51. ಕೊನೆಯದು ಮಧ್ಯರಾತ್ರಿ ಕಳೆದು 28 ಆದ ಮೇಲೆ. ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ಹೆಬ್ಬೆರಳು ಕೆಳಗೆ ಮಾಡಿ ವಿರುದ್ಧ ಮತ ಹಾಕಿದ್ದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಅದೇ ಪಕ್ಷದ ಸೂಸನ್ ಕಾಲಿನ್ಸ್, ಲೀಸಾ ಮರ್ಕೌಸ್ಕಿ ಮೊದಲಿನಿಂದ ವಿರೋಧಿಸಿದ್ದು ಮಾತ್ರ ಮರೆತುಹೋಗಿದೆ. ನಿಜವಾದ ಕಾರಣ ಮೊದಲೆರಡು ಮತಗಳಲ್ಲಿದೆ. ಅಲ್ಲಿ ಒಂಬತ್ತು ಮತ್ತು ಏಳು ರಿಪಬ್ಲಿಕನ್ನರು ಕೈಕೊಟ್ಟರು. ಕೆಲವರಿಗೆ ಕಡಿತ ಹೆಚ್ಚಾಯಿತು, ಕೆಲವರಿಗೆ ಕಡಿಮೆಯಾಯಿತು. ‘ರದ್ದು’ ಎನ್ನುವಾಗ ಒಟ್ಟಿಗಿದ್ದವರು ‘ಬದಲಿ’ ಎಂದೊಡನೆ ಚದುರಿದರು.

ಪ್ರಶ್ನೆ: ಜನ ಬೈಯುತ್ತಿದ್ದ ದಂಡವನ್ನು ತೆಗೆದು, ಒಳ್ಳೆಯದನ್ನೆಲ್ಲ ಉಳಿಸಿಕೊಂಡಿದ್ದರೆ ಮುಗಿಯುತ್ತಿತ್ತಲ್ಲ? (ಶಿವಮೊಗ್ಗ)

ಎಲ್ಲರಿಗೂ ತೋಚುವ ಉಪಾಯವೇ. ತೊಡಕು ಏನೆಂದರೆ ಈ ಕಾನೂನು ಮೂರು ಕಲ್ಲಿನ ಒಲೆ. ಒಂದು, ಕಾಯಿಲೆ ಇದ್ದರೂ ಅದೇ ದರದಲ್ಲಿ ವಿಮೆ. ನಮ್ಮಲ್ಲಿ ಮೊದಲೇ ಇದ್ದ ಕಾಯಿಲೆಗೆ ಕಂಪನಿ 36 ತಿಂಗಳವರೆಗೂ ಕಾಯಿಸಬಹುದು, ಅಲ್ಲಿ ಒಂದು ದಿನವೂ ಇಲ್ಲ. ಎರಡು, ವಿಮೆ ಇಲ್ಲದವರಿಗೆ ದಂಡ. ಮೂರು, ಕೈಲಾಗದವರಿಗೆ ಸಬ್ಸಿಡಿ. ಮೊದಲನೆಯದನ್ನು ಮಾತ್ರ ಇಟ್ಟರೆ ಜನ ಕಾಯಿಲೆ ಬಿದ್ದ ಮೇಲೆ ವಿಮೆ ಕೊಳ್ಳುತ್ತಾರೆ, ಪ್ರೀಮಿಯಂ ಏರುತ್ತದೆ, ಗಟ್ಟಿಮುಟ್ಟಾದವರು ಬಿಟ್ಟುಹೋಗುತ್ತಾರೆ, ಇನ್ನೂ ಏರುತ್ತದೆ. ನ್ಯೂಯಾರ್ಕ್ ರಾಜ್ಯ 1990ರ ದಶಕದಲ್ಲಿ ದಂಡವಿಲ್ಲದೆ ಇದೇ ನಿಯಮ ತಂದು ಈ ಸುಳಿಯಲ್ಲಿ ಸಿಕ್ಕಿಕೊಂಡಿತ್ತು.

2017ರ ಕೆಳಮನೆ ಮಸೂದೆ ದಂಡದ ಬದಲು ಒಂದು ಯುಕ್ತಿ ಮಾಡಿತು: 63 ದಿನ ಅಥವಾ ಹೆಚ್ಚು ವಿಮೆ ತಪ್ಪಿದ್ದರೆ, ಮತ್ತೆ ಕೊಳ್ಳುವಾಗ ಒಂದು ವರ್ಷ 30% ಹೆಚ್ಚುವರಿ. ಇದು ತಲೆಕೆಳಗಾದ ಲೆಕ್ಕ. ದಂಡ ಹೊರಗಿದ್ದವನಿಗೆ ಬೀಳಬೇಕು, ಒಳಗೆ ಬರುವವನಿಗಲ್ಲ. ಆರೋಗ್ಯವಂತ ಇನ್ನಷ್ಟು ದಿನ ಹೊರಗೇ ಉಳಿಯುತ್ತಾನೆ. ಜೊತೆಗೆ ವಯಸ್ಸಾದವರಿಗೆ ಕಿರಿಯರ ಮೂರು ಪಟ್ಟಿನವರೆಗೆ ಇದ್ದ ಪ್ರೀಮಿಯಂ ಮಿತಿಯನ್ನು ಐದು ಪಟ್ಟಿಗೆ ಏರಿಸಿ, ಸಬ್ಸಿಡಿಯನ್ನು ಆದಾಯದ ಬದಲು ವಯಸ್ಸಿಗೆ ಕಟ್ಟಿದರು. ಅಮೆರಿಕ ಸಂಸತ್ತಿನದೇ ಬಜೆಟ್ ಕಚೇರಿ ಆ ಮಾರ್ಚ್‌ನಲ್ಲಿ ಲೆಕ್ಕ ಹಾಕಿತು: ವರ್ಷಕ್ಕೆ 26,500 ಡಾಲರ್ ದುಡಿಯುವ 64 ವಯಸ್ಸಿನವರು 2026ರಲ್ಲಿ ಕೈಯಿಂದ ಕಟ್ಟುವ ಪ್ರೀಮಿಯಂ ಹಳೆಯ ಕಾನೂನಿನಲ್ಲಿ 1,700 ಡಾಲರ್, ಹೊಸದರಲ್ಲಿ 14,600. ಈ ಒಂದು ಸಾಲು ಮಸೂದೆಗೆ ಮಾಡಿದ ಹಾನಿ ಯಾವ ಭಾಷಣವೂ ಮಾಡಲಿಲ್ಲ.

ಮುಂದೆ ತೆರಿಗೆ ಕಾನೂನೊಂದರ ಮೂಲಕ 2019ರಿಂದ ದಂಡವನ್ನು ಸೊನ್ನೆಗೆ ಇಳಿಸಿಯೇಬಿಟ್ಟರು. ಮಾರುಕಟ್ಟೆ ಕುಸಿಯಲಿಲ್ಲ. ಸಬ್ಸಿಡಿ ಪಡೆಯುವವರು ತಮ್ಮ ಆದಾಯದ ಇಂತಿಷ್ಟು ಪಾಲನ್ನು ಮಾತ್ರ ಕಟ್ಟುತ್ತಾರೆ. ಪ್ರೀಮಿಯಂ ಏರಿದರೆ ಅದನ್ನು ಹೊರುವುದು ಸರ್ಕಾರ. ಮೂರನೆಯ ಕಲ್ಲಿನ ಮೇಲೇ ಭಾರ ನಿಂತಿತು. ಈಗಿನ ಜಗಳವೆಲ್ಲ ಆ ಕಲ್ಲಿನದೇ.

ಪ್ರಶ್ನೆ: ನಾವಿಬ್ಬರೂ ಅಮೆರಿಕದ ಪೌರರು, ಅರವತ್ತರ ಆಸುಪಾಸು, ಸ್ವಂತ ವ್ಯಾಪಾರ. ವರ್ಷದ ಆದಾಯ ಸುಮಾರು 85,000 ಡಾಲರ್. ಕಳೆದ ವರ್ಷ ಸಬ್ಸಿಡಿ ಬರುತ್ತಿತ್ತು, ಈ ಜನವರಿಯಿಂದ ನಿಂತಿತು. ಕಾನೂನು ರದ್ದಾಯಿತೇ? (ಡಲ್ಲಾಸ್)

ಕಾನೂನು ರದ್ದಾಗಿಲ್ಲ. 2021ರಲ್ಲಿ ಹೆಚ್ಚಿಸಿದ್ದ ಸಬ್ಸಿಡಿಯ ಅವಧಿ 2025ರ ಡಿಸೆಂಬರ್ 31ಕ್ಕೆ ತೀರಿತು. ಅದನ್ನು ಮುಂದುವರಿಸುವ ಜಗಳದಲ್ಲೇ ಅಕ್ಟೋಬರ್–ನವೆಂಬರ್‌ನಲ್ಲಿ ಸರ್ಕಾರ 43 ದಿನ ಬಾಗಿಲು ಹಾಕಿತ್ತು. ಹೆಚ್ಚುವರಿ ಹೋದೊಡನೆ ಹಳೆಯ ಗೆರೆ ಮರಳಿ ಬಂತು: ಆದಾಯ ಬಡತನ ಮಟ್ಟದ ನಾಲ್ಕು ಪಟ್ಟು ದಾಟಿದರೆ ಒಂದು ಡಾಲರೂ ಇಲ್ಲ. 2026ಕ್ಕೆ ಇಬ್ಬರ ಕುಟುಂಬಕ್ಕೆ ಆ ಗೆರೆ 84,600. ನೀವು ದಾಟಿದ್ದು 400 ಡಾಲರಿನಷ್ಟು.

ಆ 400ರ ಬೆಲೆ ನೋಡಿ. ನಿಮ್ಮ ಜಿಲ್ಲೆಯಲ್ಲಿ ಎರಡನೇ ಅತಿ ಅಗ್ಗದ ‘ಸಿಲ್ವರ್’ ದರ್ಜೆಯ ಯೋಜನೆ (ಸಬ್ಸಿಡಿ ಲೆಕ್ಕಕ್ಕೆ ಅದೇ ಅಳತೆಗೋಲು) ಇಬ್ಬರಿಗೂ ಸೇರಿ ವರ್ಷಕ್ಕೆ 20,000 ಎಂದಿಟ್ಟುಕೊಳ್ಳಿ. ಆದಾಯ 84,000 ಇದ್ದರೆ ನಿಮ್ಮ ಪಾಲು ಅದರ 9.96%, ಅಂದರೆ ಸುಮಾರು 8,366. ಉಳಿದ 11,634 ಸಬ್ಸಿಡಿ. 85,000 ಇದ್ದರೆ ಪೂರ್ತಿ 20,000 ನಿಮ್ಮದೇ.

ತೆರಿಗೆ ಲೆಕ್ಕದ ಆದಾಯವನ್ನು ಕಾನೂನುಬದ್ಧವಾಗಿ ಇಳಿಸಬಹುದು. ನಿವೃತ್ತಿಗೆಂದು ಹಣ ಕೂಡಿಡುವ ಸಾಂಪ್ರದಾಯಿಕ ಐಆರ್‌ಎ ಖಾತೆಗೆ ಅಥವಾ ಸ್ವಂತ ವ್ಯಾಪಾರದವರ ಅಂಥದ್ದೇ ಎಸ್‌ಇಪಿ ಖಾತೆಗೆ ಹಣ ಹಾಕಿ. ಈ ಕಾನೂನಿನಡಿ ವಿಮೆ ಮಾರುವ ಸರ್ಕಾರಿ ತಾಣವೇ ‘ಮಾರ್ಕೆಟ್‌ಪ್ಲೇಸ್’. 2026ರಿಂದ ಅಲ್ಲಿಯ ಎಲ್ಲ ‘ಬ್ರಾಂಝ್’ (ಪ್ರೀಮಿಯಂ ಕಡಿಮೆ ಇರುವ ದರ್ಜೆ) ಯೋಜನೆಗಳಿಗೂ ಎಚ್‌ಎಸ್‌ಎ, ಅಂದರೆ ಚಿಕಿತ್ಸೆ ಖರ್ಚಿಗೆ ತೆರಿಗೆ ಇಲ್ಲದೆ ಹಣ ಕೂಡಿಡುವ ಖಾತೆ ತೆರೆಯಲು ಅವಕಾಶವಿದೆ. ಕುಟುಂಬಕ್ಕೆ ಮಿತಿ 8,750. ತೆರಿಗೆ ಕಟ್ಟಿದ ಹಣವನ್ನು ಇಡುವ ರಾತ್ ಐಆರ್‌ಎಗೆ ಹಾಕಿದ್ದು ಇಲ್ಲಿ ಉಪಯೋಗಕ್ಕೆ ಬಾರದು. ಎಡವುವುದು ಎಲ್ಲಿ ಎಂದರೆ ಡಿಸೆಂಬರ್‌ನಲ್ಲಿ ಷೇರು ಮಾರಿದ ಲಾಭ, ಊರಿನ ಎಫ್‌ಡಿ ಬಡ್ಡಿ, ಬೆಂಗಳೂರಿನ ಮನೆ ಬಾಡಿಗೆ. ಮೂರೂ ಅಲ್ಲಿನ ಆದಾಯಕ್ಕೆ ಸೇರುತ್ತವೆ. ಮೊದಲು ಹೆಚ್ಚಾಗಿ ಪಡೆದ ಸಬ್ಸಿಡಿಯನ್ನು ಹಿಂದಿರುಗಿಸಲು ಕಡಿಮೆ ಆದಾಯದವರಿಗೆ ಒಂದು ಮಿತಿ ಇತ್ತು. 2026ರಿಂದ ಅದೂ ಇಲ್ಲ. ತೆರಿಗೆ ವಿವರದ ಜೊತೆ ಸಬ್ಸಿಡಿ ಲೆಕ್ಕದ ಫಾರಂ 8962 ತುಂಬುವಾಗ ಪೂರ್ತಿ ಕಟ್ಟಬೇಕು.

ಪ್ರಶ್ನೆ: ಮಗ ಅಲ್ಲಿದ್ದಾನೆ. ನಮಗೆ ಗ್ರೀನ್ ಕಾರ್ಡ್ ಮಾಡಿಸುತ್ತಿದ್ದಾನೆ. ನಮಗೂ ಆ ವಿಮೆ ಸಿಗುತ್ತದೆಯೇ? (ಮೈಸೂರು)

ಕೊಳ್ಳಬಹುದು, ಸಬ್ಸಿಡಿಯದು ಬೇರೆ ಮಾತು. ಗ್ರೀನ್ ಕಾರ್ಡಿನ ಮೊದಲ ಐದು ವರ್ಷ ಮೆಡಿಕೇಡ್ ಸಾಮಾನ್ಯವಾಗಿ ಸಿಗದು. ಅಂಥವರು ಬಡತನ ಮಟ್ಟಕ್ಕಿಂತ ಕಡಿಮೆ ಆದಾಯದವರಾದರೂ ಸಬ್ಸಿಡಿ ಕೊಡುವ ನಿಯಮ ಹಿಂದೆ ಇತ್ತು. 2025ರ ಜುಲೈ 4ರಂದು ಸಹಿಯಾದ ಕಾನೂನು ಅದನ್ನು 2026ರಿಂದ ತೆಗೆದುಹಾಕಿದೆ. ಮಗ ನಿಮ್ಮನ್ನು ತನ್ನ ತೆರಿಗೆಯಲ್ಲಿ ಅವಲಂಬಿತರೆಂದು ತೋರಿಸಿದರೆ ಲೆಕ್ಕಕ್ಕೆ ಬರುವುದು ಅವನ ಕುಟುಂಬದ ಆದಾಯ. ಸಾಫ್ಟ್‌ವೇರ್ ಸಂಬಳವಾದರೆ ಮೇಲೆ ಹೇಳಿದ ಗೆರೆ ಅಡ್ಡ ಬರಬಹುದು. 65 ತುಂಬಿ, ಐದು ವರ್ಷ ಸತತ ವಾಸವಾದ ಮೇಲೆ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್‌ಗೆ ಹಣ ಕಟ್ಟಿ ಸೇರಬಹುದು.

ಗ್ರೀನ್ ಕಾರ್ಡ್ ಆಗುವ ಮೊದಲು ವಿಸಿಟರ್ ವೀಸಾದಲ್ಲಿ ಹೋಗುವುದಾದರೆ ಈ ಕಾನೂನಿನ ರಕ್ಷಣೆ ನಿಮಗಿಲ್ಲ. ಪ್ರವಾಸಿ ವಿಮೆ ಹಳೆಯ ಕಾಯಿಲೆಯನ್ನು ಹೊರಗಿಡಬಹುದು. ಪಾಲಿಸಿಯಲ್ಲಿ ‘ಅಕ್ಯೂಟ್ ಆನ್‌ಸೆಟ್’ ಎಂದಿದ್ದರೆ ಹಠಾತ್ ಉಲ್ಬಣಕ್ಕೆ ಮಾತ್ರ ಹಣ. ಬಿಪಿ, ಶುಗರ್ ತಪಾಸಣೆಗಲ್ಲ. ಆಸ್ಪತ್ರೆಗೆ ದಿನಕ್ಕಿಷ್ಟು ಎಂದು ನಿಗದಿಯಾದ ಅಗ್ಗದ ಪಾಲಿಸಿ ಬೇಡ, ಅಲ್ಲಿಯ ಬಿಲ್ಲಿಗೆ ಅದು ಎಲ್ಲಿಗೂ ಸಾಲದು. ಮಾತ್ರೆಗಳನ್ನು ವೈದ್ಯರ ಚೀಟಿಯ ಸಮೇತ ಇಲ್ಲಿಂದಲೇ ಒಯ್ಯಿರಿ.

ಪ್ರಶ್ನೆ: ಎಚ್-1ಬಿಯಲ್ಲಿ ಕೆಲಸ ಹೋದರೆ ವಿಮೆ? (ನ್ಯೂಜೆರ್ಸಿ)

ಇಪ್ಪತ್ತು ಮತ್ತು ಮೇಲ್ಪಟ್ಟು ನೌಕರರಿರುವ ಕಂಪನಿಯಾದರೆ ‘ಕೋಬ್ರಾ’ ಎಂಬ ಕಾನೂನಿನಡಿ 18 ತಿಂಗಳವರೆಗೆ ಅದೇ ವಿಮೆ ಮುಂದುವರಿಸಬಹುದು. ಆದರೆ ಕಂಪನಿ ಕಟ್ಟುತ್ತಿದ್ದದ್ದೂ ಸೇರಿ 102% ನೀವೇ ಕೊಡಬೇಕು. ನಿರ್ಧರಿಸಲು 60 ದಿನ ಇದೆ, ಆಯ್ದುಕೊಂಡರೆ ವಿಮೆ ಹಿಂದಿನ ದಿನಾಂಕದಿಂದಲೇ ಜಾರಿ. ಹಾಗಾಗಿ ಮೊದಲ ದಿನವೇ ಚೆಕ್ ಬರೆಯಬೇಕಿಲ್ಲ. ಮಾರ್ಕೆಟ್‌ಪ್ಲೇಸ್‌ಗೆ ಸೇರುವುದಾದರೂ 60 ದಿನವೇ. ಎಚ್-1ಬಿಯವರಿಗೆ ಅಲ್ಲಿಯ ಸಬ್ಸಿಡಿ 2027ರ ಜನವರಿಯಿಂದ ನಿಲ್ಲುತ್ತದೆ, ಪೂರ್ತಿ ಬೆಲೆ ಕೊಟ್ಟು ಕೊಳ್ಳಲು ಅಡ್ಡಿಯಿಲ್ಲ. ಫೋನಿನಲ್ಲಿ ಅಗ್ಗವೆಂದು ಮಾರುವ ‘ಶಾರ್ಟ್ ಟರ್ಮ್’ ಯೋಜನೆಗೆ ಕಾಯಿಲೆ ಇದ್ದವರಿಗೂ ವಿಮೆ ಕೊಡಬೇಕೆಂಬ ಕಟ್ಟಳೆ ಅನ್ವಯಿಸುವುದಿಲ್ಲ. ಹಳೆಯ ಕಾಯಿಲೆಯ ಬಿಲ್ಲನ್ನು ಅದು ತಳ್ಳಿಹಾಕಬಹುದು.