ಒಂದೇ ಪ್ರಶ್ನೆಗೆ ಮೂರು ಸಲ ಬೇರೆ ಬೇರೆ ಟ್ಯಾರೋ ಕಾರ್ಡ್ ಬಂದರೆ

ಭವಿಷ್ಯ ಕೇಳಲು ಬಳಸುವ ಚಿತ್ರದ ಕಾರ್ಡುಗಳಾದ ಟ್ಯಾರೋ ಮೂರು ಸಲವೂ ಬೇರೆ ಬೇರೆ ಬಂತು, ಡೆತ್ (ಸಾವು) ಕಾರ್ಡು ನೋಡಿ ಹೆದರಿದೆ ಅಂತ ಬರೆದಿದ್ದೀರಿ. ತೊಂದರೆ ಇರುವುದು ಪ್ರಶ್ನೆಯಲ್ಲಿ. "ಮೂಡಿಗೆರೆ ತೋಟ ಮಾರಲಾ, ಬೇಡವಾ" ಅಂತ ಒಂದೇ ವಾರದಲ್ಲಿ ಮೂರು ಸಲ ಕೇಳಿದ್ದೀರಿ. 78 ಕಾರ್ಡು ಕಲಸಿದರೆ ಸಾಮಾನ್ಯವಾಗಿ ಪ್ರತಿ ಸಲ ಬೇರೆಯೇ ಬರುತ್ತವೆ, ಅಲ್ವಾ? ಮೊದಲು ಹಾಳೆಯಲ್ಲಿ ಬರೆಯಿರಿ: "ಮಾರಲು ನನ್ನನ್ನು ತಡೆಯುತ್ತಿರುವುದು ಏನು?" ಆಮೇಲೆ ಮೂರೇ ಕಾರ್ಡು ತೆಗೆಯಿರಿ. ಅರ್ಥ ಹುಡುಕುವ ಮುಂಚೆ ಚಿತ್ರ ನೋಡಿ. ನೀವು ಹೆದರಿದ ಡೆತ್ ಕಾರ್ಡಿನಲ್ಲಿ, ರೈಡರ್-ವೇಟ್ ಅನ್ನುವ ಜನಪ್ರಿಯ ಟ್ಯಾರೋ ಕಟ್ಟಾದರೆ, ಬಿಳಿ ಕುದುರೆ ಮೇಲೆ ಅಸ್ಥಿಪಂಜರ ಇದೆ. ಹಿಂದೆ ಎರಡು ಗೋಪುರಗಳ ನಡುವೆ ಸೂರ್ಯನೂ ಇದ್ದಾನೆ. ಅದನ್ನು ಸಾಮಾನ್ಯವಾಗಿ ಸಾವು ಅಂತ ಓದುವುದಿಲ್ಲ, ಒಂದು ಮುಗಿದು ಇನ್ನೊಂದು ಶುರುವಾಗುವುದು ಅಂತ ಓದುತ್ತಾರೆ. ಕಾಫಿ ರೇಟು, ಮಳೆ ಇದೆಲ್ಲ ಕಾರ್ಡು ಹೇಳುತ್ತೆ ಅಂತ ನನಗೆ ನಂಬಿಕೆಯಿಲ್ಲ. ಅದಕ್ಕೆ ತೋಟದ ಲೆಕ್ಕದ ಪುಸ್ತಕ ತೆರೆಯಿರಿ. ಹೊಳೆದದ್ದನ್ನು ತಾರೀಕು ಹಾಕಿ ಬರೆದಿಡಿ. ಒಂದು ತಿಂಗಳು ಅದೇ ಪ್ರಶ್ನೆಗೆ ಮತ್ತೆ ಕಾರ್ಡು ತೆಗೆಯಬೇಡಿ.