ಮನೆಯ ವೈಫೈಯಲ್ಲಿ ಯಾರಿಗೆ ಏನು ಕಾಣುತ್ತದೆ?

ಪ್ರಶ್ನೆ: ತುಮಕೂರಿನ ಎಸ್.ಎಸ್. ಪುರಂನಲ್ಲಿ ಬಾಡಿಗೆಗಿದ್ದು, ಕೆಳಮನೆಯಲ್ಲಿರುವ ಮಾಲೀಕರ ವೈಫೈಯನ್ನೇ ಬಳಸುತ್ತೇನೆ. ನಾನು ಮೊಬೈಲಿನಲ್ಲಿ ನೋಡುವುದೆಲ್ಲ ಅವರಿಗೆ ತಿಳಿಯುತ್ತದೆಯೇ? ಬ್ರೌಸರಿನ ಇನ್‌ಕಾಗ್ನಿಟೊ (ಖಾಸಗಿ ಕಿಟಕಿ) ಬಳಸಿದರೆ ಸಾಕೇ?
– ಓದುಗರೊಬ್ಬರು, ತುಮಕೂರು

ಉತ್ತರ: ಭಾಗಶಃ ತಿಳಿಯಬಹುದು. ವಿಳಾಸವು ಎಚ್‌ಟಿಟಿಪಿಎಸ್ ಎಂದು ಆರಂಭವಾಗುವ ತಾಣಗಳಲ್ಲಿ ನೀವು ಓದುವ ಪುಟ, ಬರೆಯುವ ಸಂದೇಶ, ಪಾಸ್‌ವರ್ಡ್ ಎಲ್ಲವೂ ಗೂಢಲಿಪಿಯಲ್ಲೇ ಸಾಗುವುದರಿಂದ ರೂಟರಿನ ಒಡೆಯರಿಗೆ ಅವು ಕಾಣುವುದಿಲ್ಲ. ಆದರೆ ತಾಣದ ಹೆಸರಿಗೆ ತಕ್ಕ ಐಪಿ ವಿಳಾಸವನ್ನು (ಅಂತರಜಾಲದಲ್ಲಿ ಅದರ ಸಂಖ್ಯಾರೂಪದ ವಿಳಾಸ) ಕೇಳಲು ಫೋನು ಕಳಿಸುವ ಡಿಎನ್‌ಎಸ್ ಕೋರಿಕೆ ಸಾಮಾನ್ಯವಾಗಿ ಬಯಲಾಗಿಯೇ ಹೋಗುವುದರಿಂದ, ಯಾವ ಫೋನು ಎಷ್ಟು ಹೊತ್ತಿಗೆ ಯಾವ ತಾಣಕ್ಕೆ ಹೋಯಿತೆಂಬುದು, ರೂಟರಿನಲ್ಲಿ ದಾಖಲೆ ಇಡುವ ಸೌಲಭ್ಯವಿದ್ದರೆ, ಅದರ ಅಡ್ಮಿನ್ ಪಾಸ್‌ವರ್ಡ್ ಬಲ್ಲವರಿಗೆ ಸಿಗುತ್ತದೆ. ನೀವು ಬ್ಯಾಂಕಿನ ತಾಣ ತೆರೆದದ್ದು ತಿಳಿದೀತು, ಖಾತೆಯಲ್ಲಿ ಎಷ್ಟು ಹಣವಿದೆಯೆಂಬುದು ತಿಳಿಯದು.

ಇನ್‌ಕಾಗ್ನಿಟೊ ಇಲ್ಲಿ ನೆರವಾಗುವುದಿಲ್ಲ. ನೀವು ನೋಡಿದ್ದರ ದಾಖಲೆ ನಿಮ್ಮ ಫೋನಿನಲ್ಲಿ ಉಳಿಯದಂತೆ ಅದು ನೋಡಿಕೊಳ್ಳುತ್ತದೆ, ಅಷ್ಟೇ. ಆಂಡ್ರಾಯ್ಡ್ 9 ಮತ್ತು ಅನಂತರದ ಫೋನುಗಳಲ್ಲಿರುವ ‘ಪ್ರೈವೇಟ್ ಡಿಎನ್‌ಎಸ್’ ಆಯ್ಕೆಯಲ್ಲಿ ನಂಬಿಕಸ್ಥ ಸೇವೆಯೊಂದರ ಹೆಸರು ಕೊಟ್ಟರೆ ಆ ಕೋರಿಕೆಗಳೂ ಗೂಢವಾಗಿ ಸಾಗುತ್ತವೆ, ಆದರೂ ಸಂಪರ್ಕ ಆರಂಭವಾಗುವಾಗ ತಾಣದ ಹೆಸರು ಹಲವು ಬಾರಿ ಹೊರಗೆ ಕಾಣುತ್ತದೆ. ನಿಮ್ಮ ಸಂಪರ್ಕವನ್ನೆಲ್ಲ ಗೂಢಲಿಪಿಯಲ್ಲಿ ತನ್ನ ಮೂಲಕ ಸಾಗಿಸುವ ಸೇವೆಯಾದ ವಿಪಿಎನ್ ಅದನ್ನೂ ಮರೆಮಾಡುತ್ತದೆಯಾದರೂ, ಆಗ ನೋಡುವ ಅವಕಾಶ ವಿಪಿಎನ್ ನಡೆಸುವವರ ಕೈ ಸೇರುತ್ತದೆ. ಆದ್ದರಿಂದ ಯಾರು ನಡೆಸುತ್ತಾರೆಂದೇ ತಿಳಿಯದ ಉಚಿತ ವಿಪಿಎನ್ ಆ್ಯಪ್‌ಗಳನ್ನು ನಾನು ಖಂಡಿತ ಸೂಚಿಸಲಾರೆ. ಆರೋಗ್ಯದಂಥ ತೀರ ಖಾಸಗಿ ವಿಷಯಗಳ ಹುಡುಕಾಟಕ್ಕೆ ವೈಫೈ ಆಫ್ ಮಾಡಿ, ನಿಮ್ಮದೇ ಮೊಬೈಲ್ ಡೇಟಾ ಬಳಸಿ.